ಹಾಲಿನ ಡೈರಿಯಲ್ಲಿ ವಾಯು ವರುಣರ ವ್ಯಾಜ್ಯ

ಮಾಘಮಾಸದ ಆ ಮುಂಜಾನೆ ವಕ್ಕಲೇರಿ ಕಡೆಯ ಹಸುಗಳೂ ಚಳಿಗೆ ನಡುಗುತ್ತಿದ್ದವು. ಹಾಲಿನ ಸೊಸೈಟಿಯ ಕಂಪ್ಯೂಟರಿಗೆ ಮಾತ್ರ ಜ್ವರ ಬಂದಿತ್ತು. ವೆಂಕಟರತ್ನಮ್ಮನ ಹಾಲು ತೂಕಕ್ಕೇರಿ, ಲೀಟರಿನ ಅಂಕಿ ಪರದೆಯ ಮೇಲೆ ಬೆಳಗಿ, ಫ್ಯಾಟಿನ ಅಂಕಿ ಇನ್ನೇನು ಮೂಡಬೇಕು ಎನ್ನುವಷ್ಟರಲ್ಲಿ ಯಂತ್ರವು ಒಮ್ಮೆ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಅದು ಆ ದಿನದ ಮೂರನೆಯ ಮೂರ್ಛೆ.

"ಏಮಯ್ಯಾ ಸೆಕ್ರೆಟ್ರಿ, ನನ್ನ ಕ್ಯಾನು ಕಂಡ್ರೇನೇ ನಿನ್ನ ಪೆಟ್ಟಿಗೆಗೆ ನಿದ್ದೆ ಬರೋದಾ? ಮೂರು ವಾರದಿಂದ ನೋಡ್ತಾ ಇದೀನಿ!" ಎಂದಳು ವೆಂಕಟರತ್ನಮ್ಮ. ಅವಳ ಹಿಂದೆ ನಿಂತಿದ್ದ ನಲವತ್ತು ಕ್ಯಾನುಗಳ ಸಾಲು ಗೊಳ್ಳೆಂದು ನಕ್ಕಿತು.

ಕಾರ್ಯದರ್ಶಿ ಕೋದಂಡರಾಮಪ್ಪನ ಕೋಪಕ್ಕೆ ಸಮಿತ್ತು ಬೇಕಿರಲಿಲ್ಲ, ಅದು ಸ್ವಯಂಪ್ರಕಾಶವುಳ್ಳದ್ದು. "ನಗ್ರೋ, ನಗ್ರಿ! ಹಲ್ಲು ಕಿಸಿಯೋದಕ್ಕೆ ಫ್ಯಾಟ್ ಲೆಕ್ಕ ಇದ್ದಿದ್ರೆ ನಿಮ್ಮೂರಿಗೇ ಫಸ್ಟ್ ಪ್ರೈಜು!" ಎಂದು ಗರ್ಜಿಸಿ, ಕಂಪ್ಯೂಟರಿನ ತಲೆಗೆ ಒಂದು ಗುದ್ದು ಕೊಟ್ಟು, ಕೈ ಸುಟ್ಟುಕೊಂಡವನಂತೆ ಹಿಂದಕ್ಕೆಳೆದುಕೊಂಡನು. ಪೆಟ್ಟಿಗೆ ನಿಜವಾಗಿಯೂ ಹಂಚಿನಂತೆ ಕಾದಿತ್ತು. ಹತ್ತೊಂಬತ್ತು ವರ್ಷಗಳಿಂದ ಅವನು ಕುಳಿತ ಆ ಕುರ್ಚಿಯ ಮುಂದೆ ಇಂತಹ ಅವಮಾನ ಎಂದೂ ನಡೆದಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷ ಅಪ್ಪಾಜಪ್ಪನವರು ಶಾಲು ಹೊದ್ದು ಬಂದರು. "ನೋಡು ಕೋದಂಡ, ಸಂಜೆ ಐದಕ್ಕೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಶ್ರೀಧರ್ ಸಾರ್ ಬರ್ತಾರೆ. ಹಾಲು ಹಾಕೋದನ್ನ ಕಣ್ಣಾರೆ ನೋಡ್ತಾರಂತೆ. ಅವರ ಎದುರಿಗೆ ಇದು ಮಲಗಿತೋ, ನಾಳೆಯಿಂದ ಆ ಕುರ್ಚೀಲಿ ನಮ್ಮ ತಂಗಿ ಮಗ ವೆಂಕಟ್ ಕೂತ್ಕೊಳ್ತಾನೆ."

ಆ ವೆಂಕಟ್ ಎಂಬ ಯುವಕನು ಬಾಗಿಲಲ್ಲೇ ನಿಂತು, ಕುರ್ಚಿಯ ಅಳತೆ ತೆಗೆಯುವವನಂತೆ ನೋಡುತ್ತಿದ್ದನು. ಕೋದಂಡರಾಮಪ್ಪನ ಮೀಸೆ ಅದುರಿತು.

ಒಡನೆಯೇ ಕೋಲಾರದ ಕಂಪ್ಯೂಟರ್ ಅಂಗಡಿಯ ಕದಿರೇಶನಿಗೆ ಫೋನು ಹೋಯಿತು. ರೋಗದ ಲಕ್ಷಣವನ್ನು ಕೇಳಿ ಅವನು ಔಷಧವನ್ನು ಹೇಳಿದನು: "ಪ್ರೊಸೆಸರ್ ಕಾಯ್ತಿದೆ ಸಾರ್. ಎರಡು ದಾರಿ ಇದೆ. ಒಂದು ಏರ್ ಕೂಲರ್, ಅಂದ್ರೆ ದಪ್ಪನೆ ಲೋಹದ ರೆಕ್ಕೆ, ಮೇಲೆ ದೊಡ್ಡ ಫ್ಯಾನು. ಇನ್ನೊಂದು ಲಿಕ್ವಿಡ್ ಕೂಲರ್. ಪೈಪಲ್ಲಿ ನೀರು ಸುತ್ತುತ್ತೆ, ಶಾಖ ಹೊತ್ಕೊಂಡು ಹೋಗುತ್ತೆ. ನಿಮ್ಮ ಬಜೆಟ್ಟಿಗೆ ಗಾಳೀದೇ ವಾಸಿ. ಅಗ್ಗದ ನೀರಿಂದು ಪಂಪು ಕೈಕೊಟ್ರೆ, ಪೈಪು ಸೋರಿದ್ರೆ, ಒಳಗಿರೋ ಬೋರ್ಡೇ ಹೋಗುತ್ತೆ."

"ಗಾಳೀದೇ ತಗೊಂಬಾ," ಎಂದು ಕೋದಂಡರಾಮಪ್ಪ ಹೇಳಿ ಮುಗಿಸುವ ಮುನ್ನವೇ ಅಪ್ಪಾಜಪ್ಪನವರು ಫೋನು ಕಸಿದುಕೊಂಡರು. ಸೊಸೈಟಿಯಲ್ಲಿ ಒಂದು ಪೊರಕೆಯನ್ನು ಕೊಳ್ಳುವುದಕ್ಕೂ ನಿರ್ಣಯವಾಗಬೇಕು. ಹೀಗಾಗಿ ಕಂಪ್ಯೂಟರಿನ ಸ್ವಿಚ್ಚು ಆರಿಸಿ, ಉಳಿದವರ ಹಾಲನ್ನು ಚೀಟಿಯಲ್ಲಿ ಬರೆದುಕೊಂಡು ಕಳುಹಿಸಿ, ಆಡಳಿತ ಮಂಡಳಿ ಅಲ್ಲಿಯೇ ಸಭೆ ಸೇರಿತು. ಕ್ಷಣಾರ್ಧದಲ್ಲಿ ಅದು ವಾಯುಪಕ್ಷ, ವರುಣಪಕ್ಷ ಎಂದು ಎರಡಾಯಿತು. ವಾಯುಪಕ್ಷದಲ್ಲಿ ಕೋದಂಡರಾಮಪ್ಪ ಒಬ್ಬನೇ ಇದ್ದನು.

"ನಮ್ಮ ದೊಡ್ಡ ಟ್ಯಾಂಕಲ್ಲಿ ಸಾವಿರ ಲೀಟರು ಹಾಲು ತಣ್ಣಗಿದೆ. ಬೀಸಣಿಗೆ ಬೀಸಿ ತಣ್ಣಗೆ ಮಾಡಿದ್ರಾ?" ಎಂದು ಅಧ್ಯಕ್ಷರು ಪೂರ್ವಪಕ್ಷವನ್ನು ಮಂಡಿಸಿದರು.

"ಟ್ರ್ಯಾಕ್ಟ್ರಿಗೂ ನೀರೇ ಅಲ್ವಾ ಹುಯ್ಯೋದು?" ಎಂದು ಇನ್ನೊಬ್ಬರು ಉಪಪತ್ತಿ ಕೊಟ್ಟರು.

"ಅದು ಟ್ರ್ಯಾಕ್ಟ್ರು, ಇದು ಕಂಪ್ಯೂಟ್ರು ಕಣ್ರಯ್ಯಾ! ಅಂಗಡಿಯವನೇ ಬೇಡ ಅಂತ ಬಡ್ಕೊಳ್ತಾ ಇದಾನೆ!" ಎಂದು ಕೋದಂಡರಾಮಪ್ಪ ಮೇಜು ಕುಟ್ಟಿದನು. ವರುಣನಿಗೆ ಬಹುಮತವಾಯಿತು. ಎರಡನ್ನೂ ಹಿಡಿದು ಬರುವಂತೆ ಅವನು ಗುಟ್ಟಾಗಿ ಕದಿರೇಶನಿಗೆ ಹೇಳಿದ್ದೊಂದೇ ಅಂದು ಅವನ ಪಾಲಿನ ವಿವೇಕ.

ನಡುಹಗಲಿಗೆ ಕೋದಂಡರಾಮಪ್ಪನು ಬುತ್ತಿ ಬಿಚ್ಚಿದನು. ಇಂತಹ ಬಾಳಿನಲ್ಲಿ ಅವನಿಗಿದ್ದ ಏಕೈಕ ಸುಖವೆಂದರೆ ಮೊಸರನ್ನ. ಹಾಲು ಪರೀಕ್ಷಿಸುವ ಸುಬ್ಬರಾಯಪ್ಪನು ಸ್ವಂತ ಹಸುವಿನ ಹಾಲಿಗೆ ಹೆಪ್ಪಿಟ್ಟು ದಿನವೂ ಒಂದು ಸ್ಟೀಲು ಡಬ್ಬಿ ಮೊಸರು ಒದಗಿಸುತ್ತಿದ್ದನು. ಚಳಿ ಶುರುವಾದಾಗ ಅದು ನೀರಾಗಿ, ಬೈಗುಳ ತಿಂದ ಬಳಿಕ, ಈಚೆಗೆ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಬರುತ್ತಿತ್ತು. ಇಂದು ಡಬ್ಬಿ ತೆರೆದರೆ ಒಳಗೆ ಹಾಲು ಹಾಲಾಗಿಯೇ ಅಲುಗಾಡಿತು.

"ಏನ್ಲಾ ಸುಬ್ಬ ಇದು? ಮೊಸರೋ, ಗಂಗಾಜಲವೋ? ಇವತ್ತು ನೀನೂ ನನ್ನ ವೈರಿಗಳ ಜೊತೆ ಸೇರ್ಕೊಂಡ್ಯಾ? ರಾತ್ರಿ ಊಟಕ್ಕೆ ಇದು ಗಟ್ಟಿಯಾಗಿರ್ಬೇಕು, ಇಲ್ದಿದ್ರೆ ನಾನು ಹೋಗೋಕ್ಕೆ ಮುಂಚೆ ನಿನ್ನ ಕಳಿಸ್ತೀನಿ!"

ಸುಬ್ಬರಾಯಪ್ಪನು ವಿನಯದ ಮೂರ್ತಿ. "ಆಯ್ತು ಸ್ವಾಮಿ, ಸಂಜೆಗೆ ಸರಿ ಮಾಡ್ತೀನಿ," ಎಂದು ಡಬ್ಬಿಯನ್ನು ಎದೆಗವಚಿಕೊಂಡು ಹೋದನು.

ಮೂರು ಗಂಟೆಗೆ ಕದಿರೇಶ ಬಂದನು. ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಮೇಲೆತ್ತಿ, ಬಿಚ್ಚಿ, ಎರಡು ಕಪ್ಪು ಪೈಪುಗಳ ಲಿಕ್ವಿಡ್ ಕೂಲರನ್ನು ಅದರ ಪಕ್ಕದಲ್ಲಿಟ್ಟು, "ಕೈ ತೊಳ್ಕೊಂಡು ಬಂದು ಕೂರಿಸ್ತೀನಿ," ಎಂದು ಹಿತ್ತಲಿಗೆ ನಡೆದನು. ಕೋದಂಡರಾಮಪ್ಪನೂ ಅಧಿಕಾರಿಗೆ ಎಳನೀರು ತರಿಸಲು ಹೊರಗೆ ಹೋದನು.

ಹಿಂತಿರುಗಿ ಬಂದಾಗ ಕಂಡ ದೃಶ್ಯವನ್ನು ಅವನು ಜನ್ಮಾಂತರದಲ್ಲಿಯೂ ಮರೆಯಲಾರನು. ಹೊಸ ಕೂಲರಿನ ಒಂದು ಪೈಪು ತುಂಡಾಗಿ ಜೋತುಬಿದ್ದಿತ್ತು. ಸುಬ್ಬರಾಯಪ್ಪನು ಕಣ್ಣು ಕಿರಿದು ಮಾಡಿ, ಅದರಿಂದ ಸಣ್ಣ ಗಾಜಿನ ಜಾಡಿಗೆ ಬಸಿದ ದ್ರವದಲ್ಲಿ ಲ್ಯಾಕ್ಟೋಮೀಟರನ್ನು ತೇಲಿಬಿಡಲು ಹೆಣಗುತ್ತಿದ್ದನು.

"ಸ್ವಾಮಿ, ಮೋಸ!" ಎಂದು ಅವನು ಕೂಗಿದನು. "ಆ ಅಂಗಡಿಯವ್ನು ನಂಬಿಸಿ ಕೊಟ್ಟವ್ನೆ. ಲ್ಯಾಕ್ಟೋಮೀಟ್ರು ಮುಳುಗೇ ಹೋಯ್ತು! ಬರೀ ನೀರು ಸ್ವಾಮಿ, ಫ್ಯಾಟು ಸೊನ್ನೆ!"

"ಅಯ್ಯೋ ಪಾಪಿ! ಅದು ನೀರೇ ಕಣೋ! ನೀರೇ ಇರ್ಬೇಕು ಕಣೋ!"

"ಹತ್ತೊಂಬತ್ತು ವರ್ಷದಿಂದ ಈ ಬಾಗಿಲು ದಾಟಿ ಬಂದ ದ್ರವ ಯಾವುದನ್ನೂ ನಾನು ಸ್ಯಾಂಪಲ್ ತೆಗೀದೆ ಬಿಟ್ಟಿಲ್ಲ. ಮೊಹರು ಮಾಡಿ ತಂದೋರನ್ನೇ ಮೊದಲು ನೋಡ್ಬೇಕು ಅಂತ ನೀವೇ ಕಲಿಸಿದ್ದು."

ಕೋದಂಡರಾಮಪ್ಪನ ಬಾಯಿಂದ ಹೊರಟ ಶಬ್ದಗಳಿಗೆ ನಿಘಂಟುಗಳಲ್ಲಿ ಸ್ಥಾನವಿಲ್ಲ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಪಕ್ಕದ ಬೀದಿಗೆ ಹೋಯಿತು. ಗದ್ದಲಕ್ಕೆ ಓಡಿಬಂದ ಅಪ್ಪಾಜಪ್ಪನವರು ಪೈಪನ್ನು ನೋಡಿ, ಜಾಡಿಯನ್ನು ನೋಡಿ, "ನಾನು ಮೊದಲೇ ಗಾಳೀದು ತಗೊಳ್ಳಿ ಅನ್ನೋಣ ಅಂತಿದ್ದೆ," ಎಂದು ಶಾಲನ್ನು ಸರಿಪಡಿಸಿಕೊಂಡರು.

ಹೀಗೆ ವರುಣನು ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ, ವಾಯುವಿಗೆ ಪಟ್ಟಾಭಿಷೇಕವಾಯಿತು. ಕದಿರೇಶನು ಏರ್ ಕೂಲರನ್ನು ಬಿಗಿದು, ಪೆಟ್ಟಿಗೆಯನ್ನು ಮತ್ತೆ ಮೇಜಿನ ಕೆಳಗೆ, ಗೋಡೆಗೆ ಒಂದು ಗೇಣು ಬಿಟ್ಟು ಇರಿಸಿ ಹೇಳಿದನು: "ಹಿಂದಿನಿಂದ ಬಿಸಿಗಾಳಿ ಹೊರಗೆ ಹೋಗ್ಬೇಕು ಸಾರ್. ಅಷ್ಟು ನೋಡ್ಕೊಳ್ಳಿ, ಇನ್ನು ಹತ್ತು ವರ್ಷ ತೊಂದ್ರೆ ಇಲ್ಲ."

ಐದಕ್ಕೆ ಸರಿಯಾಗಿ ಶ್ರೀಧರ್ ಸಾಹೇಬರು ಬಂದು ಕುಳಿತರು. ಹಾಲು ಸುರಿಯಿತು, ಅಂಕಿಗಳು ಮೂಡಿದವು, ಚೀಟಿಗಳು ಸರಸರನೆ ಹೊರಬಂದವು. ಹತ್ತು ಕ್ಯಾನು, ಇಪ್ಪತ್ತು ಕ್ಯಾನು. ಪೆಟ್ಟಿಗೆ ದೇವರ ಕೋಣೆಯಂತೆ ತಂಪಾಗಿತ್ತು. ಬಾಗಿಲಲ್ಲಿದ್ದ ವೆಂಕಟನ ಮುಖ ಬಾಡಿತು. ಕೋದಂಡರಾಮಪ್ಪನು ಕುರ್ಚಿಯ ಕೈಗಳನ್ನು ಹಿಡಿದು, ಯಜ್ಞ ಮುಗಿಸಿದ ಯಜಮಾನನಂತೆ ಹಿಂದಕ್ಕೊರಗಿದನು. "ನಾನು ಬೆಳಗ್ಗೇನೇ ಹೇಳಿದ್ದೆ ಸಾರ್, ಗಾಳಿ ಅಂತ. ಇಲ್ಲಿ ಬುದ್ಧಿ ಇರೋರ ಮಾತು ಯಾರು ಕೇಳ್ತಾರೆ? ಕತ್ತೆಗಳ ಮಂಡಳಿ!"

ಅಪ್ಪಾಜಪ್ಪನವರು ಕೆಮ್ಮಿದರು. ಮೂವತ್ತೊಂಬತ್ತನೆಯವಳಾಗಿ ವೆಂಕಟರತ್ನಮ್ಮ ಬಂದಳು. ಹಾಲು ತೂಕಕ್ಕೇರಿತು. ಲೀಟರಿನ ಅಂಕಿ ಬೆಳಗಿತು. ಯಂತ್ರವು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು.

"ಅಯ್ಯೋ ನಾ ತಂಡ್ರೀ! ಮತ್ತೆ ನಂದೇನಾ!"

ಕೋದಂಡರಾಮಪ್ಪನು ಎದ್ದು ನಿಂತನು. ಅವನೊಡನೆ ಮೇಜೂ ಅರ್ಧ ಎದ್ದಿತು. "ಆ ಕದಿರೇಶ ಕಳ್ಳ! ಇವರೆಲ್ಲಾ ಸೇರಿ ಮಾಡಿರೋ ಪಿತೂರಿ ಸಾರ್ ಇದು! ಈ ಪೆಟ್ಟಿಗೆ ಕೆಡಿಸ್ತಾ ಇರೋ ಚಂಡಾಲ ಯಾರು ಅಂತ ಇವತ್ತು ಗೊತ್ತಾಗ್ಲೇಬೇಕು! ಅವನನ್ನ ಈ ಕ್ಷಣವೇ ಕೆಲಸದಿಂದ ತೆಗೀಬೇಕು, ಬರ್ಕೊಳ್ಳಿ ಸಾರ್, ವಿಸಿಟ್ ಪುಸ್ತಕದಲ್ಲಿ ಬರ್ಕೊಳ್ಳಿ!"

"ಬರ್ಕೋತೀನಿ," ಎಂದ ಶ್ರೀಧರ್ ಸಾಹೇಬರು ಪೆನ್ನು ತೆರೆದು ನಾಲ್ಕು ಸಾಲು ಬರೆದರು. ಬಳಿಕ ಕುತೂಹಲದಿಂದ ಬಗ್ಗಿ ಪೆಟ್ಟಿಗೆಯ ಹಿಂದೆ ಕೈಹಾಕಿದರು. ಗೋಡೆಗೂ ಪೆಟ್ಟಿಗೆಗೂ ನಡುವಿನ ಒಂದು ಗೇಣಿನಲ್ಲಿ, ಬಿಸಿಗಾಳಿಯ ದಾರಿಯನ್ನು ಸಂಪೂರ್ಣವಾಗಿ ಮುಚ್ಚಿಕೊಂಡು, ದಪ್ಪ ಟವೆಲಿನಲ್ಲಿ ಸುತ್ತಿದ ಗಂಟೊಂದು ಕುಳಿತಿತ್ತು. ಬಿಚ್ಚಿದರೆ ಸ್ಟೀಲು ಡಬ್ಬಿ.

"ಇದು ಯಾವ ಕೂಲರು?" ಎಂದರು ಸಾಹೇಬರು.

ಸುಬ್ಬರಾಯಪ್ಪನು ಕೈಮುಗಿದು ಮುಂದೆ ಬಂದನು. "ಸೆಕ್ರೆಟ್ರಿಯವರ ಮೊಸರು ಸಾರ್. ಚಳೀಲಿ ಹೆಪ್ಪಾಗ್ತಿರಲಿಲ್ಲ, ಬೈತಿದ್ರು. ಇದರ ಬೆನ್ನಿಗೆ ಬೆಚ್ಚಗಿರುತ್ತೆ ಅಂತ ಮೂರು ವಾರದಿಂದ ಇಲ್ಲೇ ಇಡ್ತಿದೀನಿ. ಇವತ್ತು ಪೆಟ್ಟಿಗೆ ಆಫ್ ಆಗಿತ್ತಲ್ಲ, ಗಟ್ಟಿಯಾಗ್ಲಿಲ್ಲ. ರಾತ್ರಿಗೆ ಬೇಕೇ ಬೇಕು ಅಂದ್ರು. ಅದಕ್ಕೇ ಈಗ ಮತ್ತೆ ಇಟ್ಟೆ."

 ವೆಂಕಟರತ್ನಮ್ಮ ನಕ್ಕಳು. ಆ ನಗು ಊರ ಬಾವಿಯವರೆಗೂ ಕೇಳಿಸಿತಂತೆ. ಅಪ್ಪಾಜಪ್ಪನವರು ವಿಸಿಟ್ ಪುಸ್ತಕವನ್ನು ತೆಗೆದುಕೊಂಡು, ಆಗಲೇ ಬರೆದಿದ್ದ ನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಿದರು: "ಯಂತ್ರದ ದೋಷಕ್ಕೆ ಕಾರಣನಾದವನನ್ನು ಈ ಕ್ಷಣವೇ ಕೆಲಸದಿಂದ ತೆಗೆಯತಕ್ಕದ್ದು. ಇದು ಕಾರ್ಯದರ್ಶಿಗಳದೇ ಸಲಹೆ. ನಾನು ಒಪ್ಪುತ್ತೇನೆ."

ವೆಂಕಟನು ಒಳಗೆ ಬಂದು ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಕೊಡವಿದನು.

ಕೋದಂಡರಾಮಪ್ಪನು ಬುತ್ತಿಯ ಚೀಲವನ್ನು ಹಿಡಿದು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದನು. ಹಿಂದಿನಿಂದ ಸುಬ್ಬರಾಯಪ್ಪನು ಡಬ್ಬಿ ಹಿಡಿದು ಓಡಿಬಂದನು. ಅವನ ಕಣ್ಣಿನಲ್ಲಿ ನೀರಿತ್ತು.

"ಸ್ವಾಮಿ, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ಮೊಸರು ಮನೆಗೇ ತಂದ್ಕೊಡ್ತೀನಿ," ಎಂದವನು ಒಂದು ಗಳಿಗೆ ತಡೆದು, ಬಹಳ ಸಂಕೋಚದಿಂದ ಸೇರಿಸಿದನು: "ಆದ್ರೆ ಗಟ್ಟಿಯಾಗಿಲ್ಲ ಅಂತ ಬೈಬೇಡಿ. ಮನೇಲಿ ಕಂಪ್ಯೂಟ್ರಿಲ್ಲ."