ಇಂಗ್ಲೆಂಡಿನ ಕ್ಲಬ್ಬು, ಕೂಡ್ಲಿಗಿಯ ಜವಳ

ಇಂಗ್ಲೆಂಡಿನಲ್ಲಿರುವ ಯಾವನೋ ಒಬ್ಬ ಯಜಮಾನ ತನ್ನ ಫುಟ್‌ಬಾಲ್ ಕ್ಲಬ್ಬನ್ನು ಮಾರುತ್ತಾನೋ ಇಲ್ಲವೋ ಎಂಬ ಚಿಂತೆ, ಕೂಡ್ಲಿಗಿಯಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ರೊಟ್ಟಿ ಬೇಯಿಸುತ್ತಿದ್ದ ಕ್ರಾಂತಿಗೆ ಯಾಕಾದರೂ ಬರಬೇಕಿತ್ತು? ಅವಳಿಗೆ ಮೊದಲೇ ಚಿಂತೆಗಳಿಗೆ ಕೊರತೆ ಇರಲಿಲ್ಲ. ಕೂಸು ಒಂದು ಸಲ ಸೀನಿದರೆ ನೆಗಡಿ, ಎರಡು ಸಲ ಸೀನಿದರೆ ನ್ಯುಮೋನಿಯಾ, ಸೀನದೇ ಸುಮ್ಮನಿದ್ದರೆ ಮೂಗು ಕಟ್ಟಿದೆ ಎಂದು ಮೊಬೈಲಿನಲ್ಲಿ ಹುಡುಕುವವಳು. ದಾವಣಗೆರೆಯ ಕಾನ್ವೆಂಟಿನಲ್ಲಿ ಓದಿದ್ದಳು. ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸ ಅಲ್ಲಿಂದ ಬಂದದ್ದು.

ಆದರೆ ಈ ಚಿಂತೆಯನ್ನು ಅವಳಾಗಿ ತಂದುಕೊಂಡಿರಲಿಲ್ಲ. ಅದು ಅಣ್ಣ ಶ್ರೀನಾಥ ಕೊಟ್ಟ ತವರಿನ ಉಡುಗೊರೆ.

ಶ್ರೀನಾಥನಿಗೆ ಹರಪನಹಳ್ಳಿಯಲ್ಲಿ ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿ. ಕೊಟ್ಟೂರಿನಲ್ಲಿ ಬೈಕ್ ರಿಪೇರಿ ಮಾಡುವ ನಯೀಮ ಅವನ ಜೀವದ ಗೆಳೆಯ. ಇಬ್ಬರೂ ಕೂಡಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯ ಇನ್ನಷ್ಟು ಜನರನ್ನು ಸೇರಿಸಿಕೊಂಡು ಇಂಗ್ಲೆಂಡಿನ ಒಂದು ಕ್ಲಬ್ಬಿಗಾಗಿ ‘ಐದು ತಾಲ್ಲೂಕು ಅಭಿಮಾನಿ ಬಳಗ’ ಕಟ್ಟಿದ್ದರು. (ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಅದರ ಮಾನ ಈಗಾಗಲೇ ಸಾಕಷ್ಟು ಹೋಗಿದೆ.) ಕ್ಲಬ್ಬಿನ ಮಾಲೀಕ ಮಹಾ ಜಿಪುಣ. ಒಳ್ಳೆಯ ಆಟಗಾರರನ್ನು ಕೊಳ್ಳುವುದಿಲ್ಲ, ಇದ್ದವರನ್ನು ಉಳಿಸಿಕೊಳ್ಳುವುದಿಲ್ಲ. ಪ್ರತಿ ವರ್ಷವೂ ಅಂಕಪಟ್ಟಿಯ ತಳದಲ್ಲಿ ಕ್ಲಬ್ಬಿಗೊಂದು ಕಾಯಂ ಜಾಗ. ‘ಇವನು ಕ್ಲಬ್ಬು ಮಾರಿ ತೊಲಗುವ ತನಕ ತಲೆಗೂದಲು, ಗಡ್ಡ ಮುಟ್ಟುವುದಿಲ್ಲ’ ಎಂದು ಬಳಗದವರೆಲ್ಲ ನಯೀಮನ ಗ್ಯಾರೇಜಿನ ಮುಂದೆ ಹರಕೆ ಹೊತ್ತು ವರ್ಷದ ಮೇಲಾಗಿತ್ತು. ಈ ಹರಕೆಯ ಸುದ್ದಿ ಮಾಲೀಕನಿಗೆ ಮುಟ್ಟಿರಲಿಲ್ಲ. ಹಾಗಾಗಿ ಅವನಿಗೆ ಅವಸರವೂ ಇರಲಿಲ್ಲ.

ಶ್ರೀನಾಥನ ಗಡ್ಡ ಎದೆಗಿಳಿಯಿತು, ಕೂದಲು ಹೆಗಲು ಮುಟ್ಟಿತು. ಬಸ್ ನಿಲ್ದಾಣದಲ್ಲಿ ಮುದುಕಿಯರು ಅವನ ಕಾಲಿಗೆ ಬೀಳತೊಡಗಿದರು. ಕೂಸು ಕೊಟ್ರೇಶ ಮಾತ್ರ ಬೀಳಲಿಲ್ಲ. ಆರು ತಿಂಗಳಿದ್ದಾಗ ಸೋದರಮಾವನ ಮುಖವನ್ನು ಮೊದಲ ಬಾರಿ ಕಂಡು ಉಸಿರು ಸಿಕ್ಕಿಕೊಂಡು ನೀಲಿಗಟ್ಟುವಷ್ಟು ಅತ್ತ. ಅಲ್ಲಿಂದಾಚೆಗೆ ಮಾವನ ಫೋಟೋ ಕಂಡರೂ ಅದೇ ರಾಗ.

ಈಗ ಜವಳ ಮಾಡುವ ಕಾಲ ಬಂದಿತ್ತು. ಕೂಸಿನ ಹುಟ್ಟುಗೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂಡಬೇಕು, ಮೊದಲ ಕತ್ತರಿ ಅವನೇ ಆಡಿಸಬೇಕು. ಹನ್ನೊಂದನೇ ತಿಂಗಳು ತಪ್ಪಿದರೆ ಮತ್ತೆ ಮೂರನೇ ವರ್ಷಕ್ಕೇ ಎಂದು ಅತ್ತೆ ಪಂಪಮ್ಮ ಹೇಳಿಬಿಟ್ಟಿದ್ದಳು. ಕೊಟ್ರೇಶನಿಗೋ ತಲೆ ತುಂಬ ಕಾಡಿನಂಥ ಕೂದಲು, ಏಪ್ರಿಲ್ಲಿನ ಬಿಸಿಲು, ಕೂದಲ ಬುಡದಲ್ಲೆಲ್ಲ ಸೆಕೆಗುಳ್ಳೆ. ಕೆರೆದುಕೊಂಡು ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದ. ಮೂರನೇ ವರ್ಷದ ತನಕ ಕಾಯುವಂತಿಲ್ಲ. ಗಡ್ಡದ ಮಾವನ ತೊಡೆಯ ಮೇಲೆ ಕೊಸರಾಡಿ ಚೀರುವ ತಲೆಗೆ ಕ್ಷೌರದ ಕತ್ತಿ ತಾಗಿಸುವಂತೆಯೂ ಇಲ್ಲ. ಆ ದೃಶ್ಯವನ್ನು ನೆನೆದು ಕ್ರಾಂತಿಗೆ ಮೂರು ಹೊತ್ತೂ ಎದೆ ಹೊಡೆದುಕೊಳ್ಳುತ್ತಿತ್ತು.

ಫೋನ್ ಹಚ್ಚಿದಳು.

"ಅಣ್ಣಾ, ಕೂಸಿನ ಸಲುವಾಗಿ ಒಂದಿನದ ಮಟ್ಟಿಗರ ಗಡ್ಡ ತೆಗಸೋ."

"ಒಂದಿನದ ಮಟ್ಟಿಗೆ ಹೆಂಗ್ ತೆಗಸ್ಲಿ ತಂಗಿ? ಮಾರನೇ ದಿನ ಇಟ್ಕಳಾಕ ಅದೇನ್ ಟೋಪಿನಾ?"

"ಅವ ನಿನ್ನ ನೋಡಿ ಹೆದರ್ತಾನ."

"ಇನ್ನೊಂದು ಹದಿನೈದು ದಿನ ತಡಿ. ಕ್ಲಬ್ಬು ಕೊಳ್ಳಾಕ ಭಾರಿ ಕುಳ ಬಂದಾನ. ಮಾತುಕತಿ ಎಲ್ಲ ಮುಗದೈತಿ, ಸಹಿ ಹಾಕಾದೊಂದೇ ಬಾಕಿ. ಜವಳದೊಳಗ ಮಾರಾಟ ಆಗ್ತೈತಿ, ನಾನೂ ನಿನ್ನ ಮಗನೂ ಒಟ್ಟಿಗೆ ಬೋಳಿಸಿಕೊಳ್ಳಾನು."

ಪಂಪಮ್ಮನೂ ಅವನ ಕಡೆಗೇ ನಿಂತಳು. "ಮಾವ ಹೊತ್ತ ಹರಕಿ ನೀ ಮುರಿಸಿ ಕೂಸಿನ ತಲಿಗೆ ತಂದ್ಕೋಬ್ಯಾಡ ತಾಯಿ. ಹರಕಿ ಅಂದ್ರ ಹರಕಿ. ಇಂಗ್ಲೆಂಡಿಗೆ ಹೊತ್ತರೂ ಅಷ್ಟ, ಇಲ್ಲೇ ಕೊಟ್ಟೂರಿಗೆ ಹೊತ್ತರೂ ಅಷ್ಟ."

ಹೀಗಾಗಿ, ಚೆಂಡನ್ನು ಕಾಲಿಂದ ಒದೆಯುತ್ತಾರೆ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ಕ್ರಾಂತಿ ಆ ಕ್ಲಬ್ಬಿನ ಮಾರಾಟದ ಬಗ್ಗೆ ದಿನಾ ಓದತೊಡಗಿದಳು. ಕೊಳ್ಳುವವನ ಹಿನ್ನೆಲೆ, ಅವನ ಪಾಲುದಾರರ ಹಿನ್ನೆಲೆ, ವಕೀಲರು ಕೂಡಿದರೋ, ಎದ್ದು ಹೋದರೋ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಕೂಸಿಗೆ ಗಂಜಿ ತಿನ್ನಿಸುತ್ತ "ಇವತ್ತೂ ಸಹಿ ಹಾಕಲಿಲ್ಲ ನೋಡೋ ಆ ಪುಣ್ಯಾತ್ಮ" ಎನ್ನುವಳು. ಗಂಡ ಭೀಮರಾಜನಿಗೆ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರುಗಳನ್ನು ಬಿಚ್ಚಿ ಬಿಚ್ಚಿ ಯಾವುದಕ್ಕೂ ಗಾಬರಿಯಾಗದ ಸ್ವಭಾವ ಬಂದುಬಿಟ್ಟಿತ್ತು.

"ನಿಮ್ಮಣ್ಣ ಆ ಊರು ನೋಡಿಲ್ಲ, ಮೈದಾನ ನೋಡಿಲ್ಲ, ಮಾಲೀಕನ ಮಾರಿ ನೋಡಿಲ್ಲ. ನಮ್ಮ ಪಕ್ಕದ ಸೈಟಿನವ ಹತ್ತು ವರ್ಷದಿಂದ ಮಾರ್ತೀನಿ ಮಾರ್ತೀನಿ ಅಂತಾನ. ನಾನೇನರ ಗಡ್ಡ ಬಿಟ್ಟೀನೇನು?"

"ನಿಮಗ ಮಗನ ಚಿಂತಿ ಇಲ್ಲ, ಅದಕ್ಕ ಹಿಂಗಂತೀರಿ."

"ನಿನ್ನ ಹತ್ರ ಐತಲ್ಲ, ಮನಿಗೆಲ್ಲ ಸಾಕು."

ಮಾರಾಟವನ್ನೊಂದೇ ನಂಬಿ ಕೂಡುವ ಹೆಂಗಸಲ್ಲ ಕ್ರಾಂತಿ. ಕೂಸು ಹೆದರುವ ವಸ್ತುವನ್ನು ದಿನಾ ಸ್ವಲ್ಪ ಸ್ವಲ್ಪ ತೋರಿಸಿ, ಜೊತೆಗೆ ಅದಕ್ಕೆ ಬಲು ಇಷ್ಟವಾದದ್ದನ್ನು ಕೊಡಬೇಕು, ಆಗ ಹೆದರಿಕೆ ಹೋಗುತ್ತದೆ ಎಂದು ಮೊಬೈಲಿನಲ್ಲಿ ಓದಿದಳು. ಹೊಸಹಳ್ಳಿಯ ಕಂಬಳಿ ನೇಯುವವರಿಂದ ಒಂದು ಹಿಡಿ ಕರಿ ಉಣ್ಣೆ ತರಿಸಿ, ಹಳೆಯ ಬಟ್ಟೆಗೆ ಹೊಲಿದು, ಕಿವಿಗೆ ಸಿಕ್ಕಿಸಲು ಎರಡು ಲಾಡಿ ಹಚ್ಚಿ, ಸಾಕ್ಷಾತ್ ಶ್ರೀನಾಥನ ಗಡ್ಡದಂಥದೇ ಒಂದು ಗಡ್ಡ ತಯಾರಿಸಿದಳು. ಭೀಮರಾಜ ಅದನ್ನು ಮುಟ್ಟಲೂ ಒಪ್ಪಲಿಲ್ಲ. "ಮೋಟರ್ ತಂದ ರೈತರು ನನ್ನ ಈ ವೇಷದಾಗ ನೋಡಿದ್ರ, ಮೋಟರ್ ಹೊತ್ಕೊಂಡು ವಾಪಸ್ ಹೋಗ್ತಾರ."

ಕೊನೆಗೆ ತಾನೇ ಕಟ್ಟಿಕೊಂಡಳು. ಗಡ್ಡ ಕಟ್ಟಿಕೊಂಡು ಕೂಸಿಗೆ ಹಾಲು ಕುಡಿಸುವುದು, ಕುಡಿಸಿದ ಮೇಲೆ ಬಿಚ್ಚುವುದು. ಮೊದಲ ದಿನ ಕೊಟ್ರೇಶ ಚೀರಿದ. ಆಮೇಲೆ ಹಸಿವು ಗೆದ್ದಿತು.

ಒಂದು ಮಧ್ಯಾಹ್ನ ನೀರಿನ ಕೊಡ ಹೊತ್ತು ಒಳಗೆ ಬಂದ ಪಂಪಮ್ಮ ನಡುಮನೆಯ ಬಾಗಿಲಲ್ಲೇ ಕೊಡ ಬಿಟ್ಟಳು.

"ಭೀಮಾ! ಲೇ ಭೀಮಾ! ಓಡಿ ಬಾರೋ! ಯಾವನೋ ಸಾಧು ಮನಿ ಹೊಕ್ಕು ಕೂಸಿಗೆ ಹಾಲು ಕುಡಸಾಕತ್ಯಾನ!"

"ಅತ್ತೀ, ನಾನ್ರೀ!"

"ನಾನಂದ್ರ ಯಾರು? ಸೀರಿ ನಮ್ಮ ಸೊಸಿದು ಉಟ್ಟೀಯಲ್ಲೋ ಭಾಡ್ಯಾ!"

ಅತ್ತೆಯನ್ನು ಸಮಾಧಾನ ಮಾಡಿ ನೆಲ ಒರೆಸುವಷ್ಟರಲ್ಲಿ ಸಂಜೆಯಾಯಿತು. ಆದರೂ ಪ್ರಯೋಗ ಫಲ ಕೊಟ್ಟಿತು. ಜವಳ ಹತ್ತಿರ ಬರುವ ಹೊತ್ತಿಗೆ ಗಡ್ಡ ಕಂಡರೆ ಸಾಕು, ಕೊಟ್ರೇಶ ಬಾಯಿ ತೆರೆದುಕೊಂಡು ನಗುತ್ತ ಅಂಬೆಗಾಲಲ್ಲಿ ಓಡಿ ಬರುತ್ತಿದ್ದ.

ಜವಳದ ಹಿಂದಿನ ದಿನ ಮಧ್ಯಾಹ್ನ ಫೋನ್ ಬಂತು. ಆ ಕಡೆಯಿಂದ ಶ್ರೀನಾಥ ಅಳುವ ಸದ್ದು.

"ಮಾರಲ್ಲಂತ ಕ್ರಾಂತಿ! ಎಲ್ಲ ಮುಗದಿತ್ತು, ಪೆನ್ನು ಕೈಯಾಗಿತ್ತಂತ. ಕಡೀಗೆ, ಕ್ಲಬ್ಬು ನಿಂದು, ಆದ್ರ ಮೈದಾನ ನಂದೇ ಇರ್ಲಿ ಅಂದನಂತ. ಕೊಳ್ಳೋನು ಎದ್ದು ಹೋದ."

ಫೋನ್ ಕಸಿದುಕೊಂಡವನು ನಯೀಮ. ಇಬ್ಬರೂ ಗ್ಯಾರೇಜಿನಲ್ಲಿದ್ದರು. "ಅಕ್ಕಾ, ವರ್ಷದ ಮ್ಯಾಲೆ ಕಾದ್ವಿ. ಗಿರಾಕಿ ಬರೋದು, ನಾವು ಕುಣಿಯೋದು, ಗಿರಾಕಿ ಹೋಗೋದು. ನನ್ನ ಗಡ್ಡ ಎರಡು ಸಲ ಬೈಕಿನ ಚೈನಿಗೆ ಸಿಕ್ಕೈತ್ರಿ. ಯಾರಿಗೆ ಹೇಳೋದು ಇದನ್ನ?"

ಪಕ್ಕದಲ್ಲಿ ಕೇಳುತ್ತಿದ್ದ ಭೀಮರಾಜ ನಿಧಾನವಾಗಿ ಹೇಳಿದ: "ಸಂತಿಯಾಗ ಎತ್ತು ಮಾರಿದವ ಹಗ್ಗ ತಾನಿಟ್ಕೊಳ್ಳೋದು ರೂಢಿ. ಈ ಮನುಷ್ಯ ಹಗ್ಗ ಮಾರಿ ಎತ್ತು ಇಟ್ಕೊಳ್ಳಾಕ ಹೊಂಟಿದ್ದ."

ಕ್ರಾಂತಿ ಎರಡು ವಾರ ಆ ಮಾರಾಟದ ಜೊತೆಯಲ್ಲೇ ಎದ್ದು ಮಲಗಿದವಳು, ಅವಳಿಗೂ ಕೆಡುಕೆನಿಸಿತು. ಆದರೆ ಮರುಕ್ಷಣವೇ ಹೊಳೆಯಿತು: ಮಾರಾಟ ಇಲ್ಲವೆಂದರೆ ಗಡ್ಡ ಇದೆ, ಗಡ್ಡ ಇದ್ದರೆ ಕೂಸು ತಯಾರಿದೆ! ತಾಯಿಯಾದ ಮೇಲೆ ಅವಳು ಮಾಡಿಕೊಂಡ ಮುಂಜಾಗ್ರತೆಯೊಂದು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಖಾತ್ರಿ ಮಾಡಿಕೊಳ್ಳೋಣವೆಂದು ಕೇಳಿದಳು: "ಹಂಗಾದ್ರ ಅಣ್ಣಾ... ಗಡ್ಡ ಹಂಗ ಇರ್ತೈತೇನು?"

"ನಿನಗ ಅದೊಂದೇ ಚಿಂತಿ ಅಲ್ಲೇನು" ಎಂದ ಶ್ರೀನಾಥ. ಫೋನ್ ಕಟ್ಟಾಯಿತು.

ಕ್ರಾಂತಿ ಅಂದು ನಿಶ್ಚಿಂತೆಯಿಂದ ಗೋಧಿ ಹುಗ್ಗಿಗೆ ಬೆಲ್ಲ ಕುಟ್ಟಿದಳು.

ಮರುದಿನ ಕೊಟ್ಟೂರಿನಲ್ಲಿ, ಗುಡಿಯ ಹಿಂದಿನ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಅಕ್ಕಿ ಹಾಕಿ, ವೀಳ್ಯದೆಲೆ ಇಟ್ಟು ಎಲ್ಲರೂ ಸೋದರಮಾವನ ದಾರಿ ಕಾಯುತ್ತಿದ್ದರು. ಕ್ಷೌರಿಕ ಕತ್ತಿ ಮಸೆದು ಮುಗಿಸಿ ಎರಡನೇ ಸಲ ಮಸೆಯುತ್ತಿದ್ದ. ಬೈಕೊಂದು ಬಂದು ನಿಂತಿತು. ಸುಲಿದ ತೆಂಗಿನಕಾಯಿಯಂಥ ತಲೆಗಳನ್ನು ಹೊತ್ತ ಇಬ್ಬರು ಇಳಿದರು. ಗಡ್ಡವಿಲ್ಲ, ಮೀಸೆಯೂ ಇಲ್ಲ. ಕ್ರಾಂತಿ ಅವರನ್ನು ದಾಟಿ ರಸ್ತೆಯ ಕಡೆಗೇ ನೋಡುತ್ತಿದ್ದಳು.

"ಕ್ರಾಂತಿ, ನಾನೇ ಬೇ" ಎಂದಿತು ಒಂದು ತಲೆ.

ಪಂಪಮ್ಮ ಎದೆ ಬಡಿದುಕೊಂಡಳು. "ಯಪ್ಪಾ! ಮೀಸಿ ಸೈತ ತೆಗಸೀಯಲ್ಲೋ! ಮನ್ಯಾಗ ಯಾರು ಹೋದ್ರು?"

"ಕ್ಲಬ್ಬು ಹೋತ್ರಿ."

"ಹೆತ್ತವರು ಹೋದ್ರ ಹಿಂಗ ತೆಗಸ್ತಾರೋ!"

"ನಮಗ ಅದಕ್ಕಿಂತ ಹೆಚ್ಚಿತ್ತು" ಎಂದ ನಯೀಮ, ಇನ್ನೊಂದು ತಲೆ. "ಮಾರ್ತಾನಂತ ಬಿಟ್ಟಿದ್ವಿ. ಮಾರಲ್ಲ ಅಂದ ಮ್ಯಾಲೆ ಯಾರ ಸಲುವಾಗಿ ಬಿಡೋದು? ನಿನ್ನೆ ಸಂಜಿ ಬಳಗದವರೆಲ್ಲ ಕೂಡಿ ಬೋಳಿಸಿಕೊಂಡ್ವಿ."

ಪಂಪಮ್ಮನಿಗೆ ಹೊಸ ಭಯ. "ಹಂಗಾದ್ರ ಇವನಿಗೆ ಸೂತಕ ಆತೇನು? ಜವಳದಾಗ ಕುಂದ್ರಬಹುದೇನು?"

ಕ್ಷೌರಿಕ ಕತ್ತಿ ಒರೆಸುತ್ತ ತೀರ್ಪು ಕೊಟ್ಟ. "ಸೂತಕ ಒಂದೇ ಬೆಡಗಿನವರಿಗೆ, ಒಂದೇ ವಂಶದ ಅಣ್ತಮ್ಮರಿಗೆ ತಾಯಿ. ಇಂಗ್ಲೆಂಡಿನವರ ಬೆಡಗು ಬ್ಯಾರೆ. ಕುಂದ್ರಲಿ."

ಕ್ರಾಂತಿ ಅಣ್ಣನ ಗಲ್ಲವನ್ನೇ ನೋಡುತ್ತಿದ್ದಳು. "ಅಣ್ಣಾ, ಗಡ್ಡ ಎಲ್ಲೈತಿ?"

"ನೀನೇ ಕೇಳಿದ್ಯಲ್ಲ, ಗಡ್ಡ ಹಂಗ ಇರ್ತೈತೇನು ಅಂತ. ತಂಗಿ ಎಷ್ಟು ನೊಂದ್ಕಂಡಾಳ ಅನ್ನಿಸ್ತು. ಕ್ಲಬ್ಬಂತೂ ಕೈ ಬಿಡ್ತು, ತಂಗಿ ಮಾತರ ನಡಸಾನು ಅಂತ ಎಲ್ಲರಿಗಿಂತ ಮೊದಲು ನಾನೇ ಕುಂತೆ."

ಅಷ್ಟರಲ್ಲಿ ಕೊಟ್ರೇಶ ಮಾವನ ಕಡೆ ನೋಡಿದ. ಆ ಚೀರಾಟಕ್ಕೆ ಬೇವಿನ ಮರದ ಕಾಗೆಗಳು ಎದ್ದು ಹೋದವು. ಗಡ್ಡದ ಮಾವನನ್ನು ಕಂಡು ಅತ್ತದ್ದು ಇದರ ಮುಂದೆ ಬರೀ ಪೀಠಿಕೆ. ಶ್ರೀನಾಥ ಮುಖ ಮುಚ್ಚಿಕೊಂಡ, ಬೆನ್ನು ತಿರುಗಿಸಿದ, ತಲೆಗೆ ಟವೆಲ್ ಸುತ್ತಿದ. ಯಾವುದೂ ನಡೆಯಲಿಲ್ಲ. ಕೂಸಿನ ಉಸಿರು ಸಿಕ್ಕಿಕೊಳ್ಳತೊಡಗಿತು.

ಕ್ರಾಂತಿ ಚೀಲಕ್ಕೆ ಕೈ ಹಾಕಿದಳು. ಕೊನೆಯ ಗಳಿಗೆಯಲ್ಲಿ ಇನ್ನೊಮ್ಮೆ ಅಭ್ಯಾಸ ಮಾಡಿಸಬೇಕಾದೀತು ಎಂದು ಉಣ್ಣೆಯ ಗಡ್ಡ ತಂದಿದ್ದಳು. ಅದನ್ನು ಅಣ್ಣನ ಕಿವಿಗೆ ಸಿಕ್ಕಿಸಿದಳು. ಅಳು ಗಕ್ಕನೆ ನಿಂತಿತು. ಕೊಟ್ರೇಶ ಬಾಯಿ ತೆರೆದು ನಕ್ಕ, ಅಂಬೆಗಾಲಲ್ಲಿ ಬಂದು ಮಾವನ ತೊಡೆ ಏರಿದ. ಏರಿದವನೇ ಮಾವ ತೊಟ್ಟಿದ್ದ ಕ್ಲಬ್ಬಿನ ಜೆರ್ಸಿಯ ಕೊರಳಪಟ್ಟಿ ಎಳೆದು ಒಳಗೆ ತಲೆ ತೂರಿಸಿದ.

"ಏ, ಏ! ಏನ್ ಹುಡುಕ್ತಾನ ಇವ?"

"ಹಾಲು" ಎಂದಳು ಪಂಪಮ್ಮ.

"ಭಾವಾ, ಅಲ್ಲಾಡಬ್ಯಾಡ್ರಿ" ಎಂದ ಭೀಮರಾಜ, ಅಷ್ಟೇ ಶಾಂತವಾಗಿ. "ಅವನಿಗೆ ಗೊತ್ತಾಗೋದ್ರೊಳಗ ಮುಗಿಸಿಬಿಡ್ಲಿ."

ನಯೀಮ ನಕ್ಕು ನಕ್ಕು ಕಂಬಳಿಯ ಮೇಲೆ ಉರುಳಿದ. ಕ್ಲಬ್ಬು ಕೈತಪ್ಪಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಶ್ರೀನಾಥ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಮೊದಲ ಕತ್ತರಿ ಆಡಿಸಿದ. ಉಳಿದದ್ದನ್ನು ಕ್ಷೌರಿಕ ಚಕಚಕನೆ ಮುಗಿಸಿದ. ಒಂದು ಗೀರೂ ಬೀಳಲಿಲ್ಲ. ಕ್ರಾಂತಿ ಎಲ್ಲ ದೇವರಿಗೂ ಕೈ ಮುಗಿದಳು.

ಹುಗ್ಗಿ ಉಂಡು, ಅಣ್ಣನಿಂದ ಗಡ್ಡ ಬಿಚ್ಚಿಸಿಕೊಂಡು ಕೂಡ್ಲಿಗಿಯ ಬಸ್ಸು ಹತ್ತಿದರು. ಬಸ್ಸು ಊರು ದಾಟುವುದರೊಳಗೆ ಕೊಟ್ರೇಶ ತನ್ನ ಬೋಳು ತಲೆ ಮುಟ್ಟಿಕೊಂಡು ಗಾಬರಿಯಾಗಿ ಅಳತೊಡಗಿದ. ಹಾಲು ಬೇಡ, ಬಿಸ್ಕತ್ತು ಬೇಡ, ಅಜ್ಜಿ ಬೇಡ, ಅಪ್ಪನಂತೂ ಬೇಡವೇ ಬೇಡ. ಚೀಲದ ಕಡೆಗೇ ಕೈ ಚಾಚುತ್ತಿದ್ದ. ಸೀಟು ಸೀಟಿನಿಂದ ಸಲಹೆಗಳು ಬರತೊಡಗಿದವು. ಬೇರೆ ದಾರಿ ಕಾಣದೆ ಕ್ರಾಂತಿ ಗಡ್ಡ ಕಟ್ಟಿಕೊಂಡಳು. ಕೂಸು ಸುಮ್ಮನಾಯಿತು. ಇಡೀ ಬಸ್ಸೇ ಸುಮ್ಮನಾಯಿತು. ಭೀಮರಾಜ ಎದ್ದು ಹಿಂದಿನ ಸೀಟಿಗೆ ಹೋಗಿ ಕಿಟಕಿಯಾಚೆ ಗಹನವಾಗಿ ನೋಡುತ್ತ ಕುಳಿತ.

ತಲೆಗೆ ಟವೆಲ್ ಸುತ್ತಿಕೊಂಡಿದ್ದ ಕಂಡಕ್ಟರ್ ಬಂದ. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಕ್ರಾಂತಿ ಆಧಾರ್ ಕಾರ್ಡ್ ತೋರಿಸಿದಳು. ಅವನು ಕಾರ್ಡು ನೋಡಿದ, ಗಡ್ಡ ನೋಡಿದ, ಮತ್ತೆ ಕಾರ್ಡು ನೋಡಿದ.

"ಈ ಫೋಟೋದಾಗಿನ ಅಕ್ಕಾರು ಎಲ್ಲಿ ಅದಾರ್ರಿ?"

"ನಾನೇ ರೀ."

"ಗಡ್ಡ ಸ್ವಲ್ಪ ಸರಿಸ್ರಿ, ನೋಡೋನು."

ಸರಿಸಿದಳು. ಕೊಟ್ರೇಶ ಸೀಳುದನಿ ತೆಗೆದ. ಮತ್ತೆ ಇಳಿಬಿಟ್ಟಳು. ಬಸ್ಸಿನ ಅಷ್ಟೂ ಕಣ್ಣುಗಳು ಕಾರಣ ಕೇಳುತ್ತಿದ್ದವು. ಮಕ್ಕಳ ಮನಶ್ಶಾಸ್ತ್ರವನ್ನು ಇವರಿಗೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಕೂಡ್ಲಿಗಿ ದಾಟಿ ಹೋಗುತ್ತದೆ. ಎಲ್ಲರಿಗೂ ಒಪ್ಪಿಗೆಯಾಗುವ ಕಾರಣವೊಂದೇ ಅವಳಿಗೆ ತೋಚಿದ್ದು.

"ಹರಕಿ ಐತ್ರಿ."

"ಹಂಗನ್ರಿ ಮತ್ತ!" ಎಂದು ಬಸ್ಸು ನಿಟ್ಟುಸಿರು ಬಿಟ್ಟಿತು. ಪಕ್ಕದ ಮುದುಕಿ ಭಕ್ತಿಯಿಂದ ಸರಿದು ಜಾಗ ಕೊಟ್ಟಳು. ಕಂಡಕ್ಟರ್ ಎರಡೂ ಕೈಯಿಂದ ಕಾರ್ಡು ಹಿಂದಿರುಗಿಸಿದ.

"ಯಾವಾಗ ತೀರ್ತೈತ್ರಿ ಹರಕಿ?"

ಕ್ರಾಂತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಗಡ್ಡದ ಹರಕೆ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ. ಅದೇ ಬಾಯಿಗೆ ಬಂತು.

"ಇಂಗ್ಲೆಂಡಿನವ ಕ್ಲಬ್ಬು ಮಾರಿದ ಮ್ಯಾಲೆ."

ಕಂಡಕ್ಟರ್ ಅವಳ ಮುಖವನ್ನೇ ನೋಡುತ್ತ ನಿಂತ. ಅವನ ಕಣ್ಣು ತುಂಬಿ ಬಂತು. ನಿಧಾನವಾಗಿ ತಲೆಯ ಟವೆಲ್ ಬಿಚ್ಚಿದ. ಒಳಗೆ ನಿನ್ನೆ ಸಂಜೆಯ ಬೋಳು ಮಿರಿಮಿರಿ ಮಿಂಚುತ್ತಿತ್ತು.

"ನಾವೆಲ್ಲ ಕೈ ಬಿಟ್ವಿ ಅಕ್ಕಾರ" ಎಂದ. "ಐದು ತಾಲ್ಲೂಕಿನ್ಯಾಗ ಉಳದಾಕಿ ನೀವೊಬ್ರೇ."