ಹೊನ್ನಪ್ಪನ ಬೆರಳಿಗೆ ಹಾಡದ ರೇಡಿಯೊ

ರೇಡಿಯೊದ ಸ್ವಿಚ್ಚು ಸವೆದು, ತಲೆಗೆ ಎರಡು ಗುದ್ದು ಬೀಳದೆ ಅದು ಹಾಡುತ್ತಿರಲಿಲ್ಲ. ಹೊನ್ನಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ಪಾಂಡವಪುರದ ಕುಮಾರನ ರಿಪೇರಿ ಅಂಗಡಿಗೆ ಒಯ್ದ. ಕುಮಾರ ಹಳೇ ಸ್ವಿಚ್ಚು ಕಿತ್ತು, ಆ ಜಾಗದಲ್ಲಿ ಎರಡು ಹಿತ್ತಾಳೆ ಮೊಳೆ ಕೂರಿಸಿದ.

"ಎಲೆಕ್ಟ್ರಾನಿಕ್ಕು ಕಣಣ್ಣ. ಒತ್ತಂಗಿಲ್ಲ, ತಿರುಗ್ಸಂಗಿಲ್ಲ. ಎರಡು ಮೊಳೆಗೂ ಸೇರಿಸಿ ಬೆರಳಿಟ್ರೆ ಆನು, ಇನ್ನೊಂದ್ಸಲ ಇಟ್ರೆ ಆಫು. ಶೆಲ್ಲು ತಿನ್ನಾಕಿಲ್ಲ. ಮೈಯಾಗಿರೋ ಕರೆಂಟೇ ಸಾಕು ಅನ್ಕೋ," ಎಂದು ತಾನೇ ಮುಟ್ಟಿ ತೋರಿಸಿದ.

ಮನೆಯಲ್ಲಿ ಹೆಂಡತಿ ಚಲುವಮ್ಮ ಮುಟ್ಟಿದಳು, ಹಾಡಿತು. ಪಕ್ಕದ ಮನೆ ಪಾರ್ವತಮ್ಮ ಮುಟ್ಟಿದಳು, ನಿಂತಿತು. ಹೊನ್ನಪ್ಪ ಮುಟ್ಟಿದ. ರೇಡಿಯೊ ಮುನಿಸಿಕೊಂಡ ಅತ್ತೆಯ ಹಾಗೆ ಸುಮ್ಮನಿತ್ತು. ಎಡಗೈ ಇಟ್ಟ, ಬಲಗೈ ಇಟ್ಟ, ಊಹೂಂ.

"ಮೈಯಾಗಿನ ಕರೆಂಟು ಸಾಕು ಅಂದಿದ್ನಲ್ಲ!" ಎಂದು ಗೊಣಗಿದ.

ಪಾರ್ವತಮ್ಮನಿಗೆ ಅಷ್ಟು ಸಾಕಾಯಿತು. "ಅಂಗಾರೆ ನಿನ್ನ ಮೈಯಾಗೆ ಕರೆಂಟೇ ಇಲ್ವೇನ್ಲಾ? ಜೀವನಾರ ಐತೋ ಇಲ್ವೋ?"

ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಯೇ ತನ್ನಲ್ಲಿ ಜೀವವಿದೆಯೇ ಎಂದು ನೋಡಿಕೊಳ್ಳಲು ಜಗಲಿಗೆ ಬಂತು. ಯುಗಾದಿಯಿಂದ ಹಾಸಿಗೆ ಹಿಡಿದಿದ್ದ ಸೋಮಯ್ಯನನ್ನೂ ಹೊತ್ತು ತಂದು ಮುಟ್ಟಿಸಿದರು. ರೇಡಿಯೊ ಸೊಗಸಾಗಿ ಕೃಷಿ ಸಲಹೆ ಹೇಳಿತು. ಸೋಮಯ್ಯ ನಡೆದುಕೊಂಡೇ ಮನೆಗೆ ಹೋದ.

ಸುದ್ದಿ ಆಲೆಮನೆಗೂ ಮುಟ್ಟಿತು. ಅಲ್ಲಿ ಬೆಲ್ಲದ ಪಾಕ ನೋಡುವುದು ಹೊನ್ನಪ್ಪನ ಕೆಲಸ. ಯಜಮಾನ ಚಿಕ್ಕಸ್ವಾಮಿಗೌಡರು ಖುದ್ದಾಗಿ ಬಂದರು.

"ಕುದಿಯೋ ಕೊಪ್ಪರಿಗೆ ತಾವು ನಿಂತಿದ್ದಂಗೇ ನಿಂಗೇನಾರ ಆಗೋದ್ರೆ ಏನ್ಲಾ ಗತಿ? ಬೆಲ್ಲ ಯಾರ್ಲಾ ತಕ್ಕೋತಾರೆ?"

ಹೊನ್ನಪ್ಪ ಸೈಕಲ್ಲು ಹತ್ತಿ ಕುಮಾರನ ಬಳಿಗೆ ಹಾರಿದ. ಕುಮಾರ ಅವನ ಬೆರಳು ಹಿಡಿದು ನೋಡಿದ. ಕುದಿವ ಪಾಕ ಮುಟ್ಟಿ ಮುಟ್ಟಿ ಅದು ಎಮ್ಮೆಯ ಕೊಂಬಾಗಿತ್ತು.

"ಚರ್ಮ ಒಣಗಿ ಸತ್ತೋಗೈತೆ ಕಣಣ್ಣ, ನೀನಲ್ಲ. ನೀರಿಗೆ ಅದ್ದಿ ಮುಟ್ಟು."

ಹೊನ್ನಪ್ಪ ಊರಿಗೆ ಬಂದವನೇ ಗೌಡರನ್ನೂ ಬೀದಿಯವರನ್ನೂ ಕರೆಸಿದ. ಎಲ್ಲರ ಎದುರಿಗೆ ಚೊಂಬಿನಲ್ಲಿ ಬೆರಳದ್ದಿ ಮೊಳೆಗಿಟ್ಟ. ರೇಡಿಯೊ ಹಾಡಿತು! ಚಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ವಸಿ ತಡೀರಪ್ಪ," ಎಂದಳು ಪಾರ್ವತಮ್ಮ. ಸಾರಿಗೆಂದು ಮಡಿಲಲ್ಲಿಟ್ಟುಕೊಂಡಿದ್ದ ಬದನೆಕಾಯೊಂದನ್ನು ಅದೇ ಚೊಂಬಿಗೆ ಅದ್ದಿ ಮೊಳೆಗಳಿಗೆ ತಾಗಿಸಿದಳು. ರೇಡಿಯೊ ನಿಂತಿತು. ಮತ್ತೆ ತಾಗಿಸಿದಳು. ಹಾಡಿತು.

"ನೀರಾಕುದ್ರೆ ಇದ್ಕೂ ಆಯ್ತದೆ."

ಗೌಡರು ಬದನೆಕಾಯಿಯನ್ನು ನೋಡಿದರು. ಆಮೇಲೆ ಹೊನ್ನಪ್ಪನನ್ನು ನೋಡಿದರು. "ನಾಳಿಂದ ಪಾಕಕ್ಕೆ ಮುದ್ದಯ್ಯ ಬತ್ತಾನೆ. ನೀನು ಮನೇಲೇ ಇರು, ಉಸಾರು," ಎಂದು ಹೊರಟರು. ಜನವೂ ಚದುರಿತು.

ರೇಡಿಯೊ ಮಾತ್ರ ಹಾಡುತ್ತಲೇ ಇತ್ತು. ಅವಮಾನಕ್ಕೆ ಹೊನ್ನಪ್ಪನ ನೆತ್ತಿಯಿಂದ ಬೆರಳ ತುದಿಯವರೆಗೂ ಬೆವರು ಕಿತ್ತುಕೊಂಡಿತ್ತು. "ನಿನ್ನ ಮನೆ ಹಾಳಾಗ!" ಎಂದು ಮೊಳೆಗಳ ಮೇಲೆ ಬೆರಳು ಕುಕ್ಕಿದ.

ರೇಡಿಯೊ ಗಪ್ಪನೆ ನಿಂತಿತು.

ನೀರಿಲ್ಲ, ಬದನೆಕಾಯಿಯಿಲ್ಲ, ಬರಿಯ ಬೆರಳು! ಹೊನ್ನಪ್ಪ ಬಾಯಿ ಬಿಟ್ಟುಕೊಂಡು ಬೀದಿ ನೋಡಿದ. ಇದನ್ನು ಕಾಣಲು ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಯಾಚೆಯಿಂದ ಪಾರ್ವತಮ್ಮನ ಗಾಬರಿಯ ದನಿ ಮಾತ್ರ ಬಂತು:

"ಚಲುವೀ! ರೇಡಿಯೊ ನಿಂತೋಯ್ತಲ್ಲವ್ವಾ... ವಸಿ ನಿನ್ನ ಗಂಡನ ಮೂಗಿನ ತಾವು ಕೈ ಮಡಗಿ ನೋಡು!"