ನರಗುಂದದ ನೀರು ನೋಡಲು ಹೋದದ್ದು

ಸುದ್ದಿ ಮತ್ತು ಹಪ್ಪಳ ಎರಡನ್ನೂ ಬಿಸಿ ಇರುವಾಗಲೇ ಬಡಿಸಬೇಕು ಎಂಬುದು ಲೋಕದ ನಂಬಿಕೆ. ಹಪ್ಪಳದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಸುದ್ದಿಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ರೋಣದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ ನಾನು ಗದಗಿನ ಒಂದು ವಾರಪತ್ರಿಕೆಗೆ ತಾಲ್ಲೂಕಿನ ವರದಿಗಳನ್ನೂ ಬರೆಯುತ್ತಿದ್ದೆ. ಕಣ್ಣಾರೆ ಕಾಣದೆ, ನಾಲ್ಕು ಜನರನ್ನು ಕೇಳದೆ, ಅಳೆಯುವಂಥದ್ದನ್ನು ಅಳೆಯದೆ ಒಂದು ಸಾಲನ್ನೂ ಬರೆಯಬಾರದು ಎಂಬುದು ನನ್ನ ವ್ರತ. ಶಿರೋಳದಲ್ಲಿ ಎಮ್ಮೆಯೊಂದು ಅವಳಿ ಕರು ಹಾಕಿತೆಂದು ಉಳಿದ ವರದಿಗಾರರೆಲ್ಲ ಕೂತಲ್ಲಿಂದಲೇ ಬರೆದರು. ನಾನು ಶಿರೋಳಕ್ಕೆ ಹೋದೆ. ಒಂದು ಕರು ಆ ಎಮ್ಮೆಯದು, ಇನ್ನೊಂದು ನೆರೆಮನೆಯ ಎಮ್ಮೆಯದು ಎಂದು ಪತ್ತೆಹಚ್ಚಿದೆ. ನನ್ನ ವರದಿ ಅಚ್ಚಾಗುವ ಹೊತ್ತಿಗೆ ಎರಡೂ ಕರುಗಳಿಗೆ ಕೋಡು ಮೂಡಿದ್ದವು. ‘ನಿಮ್ಮ ಸುದ್ದಿಗಳು ಚೆನ್ನಾಗಿವೆ, ಆದರೆ ಅವನ್ನು ಇತಿಹಾಸದ ಪುಟದಲ್ಲಿ ಹಾಕಬೇಕಾಗುತ್ತದೆ’ ಎಂದು ಸಂಪಾದಕರು ಬರೆದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಆಗ ಪಂಚವಾರ್ಷಿಕ ಯೋಜನೆಯ ಕಾಲ. ದಿಲ್ಲಿಯಿಂದ ಹಿಡಿದು ನಮ್ಮ ತಾಲ್ಲೂಕು ಕಚೇರಿಯ ತನಕ ಯಾರು ಬಾಯಿ ತೆರೆದರೂ ಅಂಕಿಸಂಖ್ಯೆಗಳೇ ಉದುರುತ್ತಿದ್ದವು. ಆ ಗಾಳಿ ನನಗೂ ಸೋಂಕಿತ್ತು. ಜಗತ್ತಿನಲ್ಲಿ ತಿಳಿಯದ್ದು ಎಂಬುದೇ ಇಲ್ಲ, ಲೆಕ್ಕ ಮಾಡದೆ ಬಿಟ್ಟದ್ದು ಮಾತ್ರ ಇದೆ ಎಂದು ನಾನು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದೆ. ಹೀಗೆ ಹೇಳುವವನಿಗೆ ಮನೆಯವರು ಒಂದಲ್ಲ ಒಂದು ದಿನ ಕೆಲಸ ಹಚ್ಚದೆ ಬಿಡುವುದಿಲ್ಲ.

ನನ್ನ ಹೆಂಡತಿ ಪಾರ್ವತಿಯ ತಂಗಿ ಶಾಂತಾಳನ್ನು ನೋಡಲು ನರಗುಂದದ ಒಂದು ಅರಳೆ ವ್ಯಾಪಾರದ ಮನೆಯವರು ಅವಳ ತವರು ಗಜೇಂದ್ರಗಡಕ್ಕೆ ಬಂದು ಹೋಗಿದ್ದರು. ಹುಡುಗನ ಹೆಸರು ಈರಣ್ಣ. ಆ ದಿನ ನಾನು ಶಿರೋಳದ ಕರುಗಳ ಹಿಂದೆ ಇದ್ದೆನಾದ್ದರಿಂದ ಹುಡುಗನ ಮುಖ ನೋಡಿರಲಿಲ್ಲ. ಶಾಂತಾ ನೋಡಿದ್ದಳು, ಚೆನ್ನಾಗಿಯೇ ನೋಡಿದ್ದಳು. ಮಾತುಕತೆ ಎಲ್ಲ ಹೊಂದಿ, ಇನ್ನೇನು ವೀಳ್ಯದೆಲೆ ತರಬೇಕು ಎನ್ನುವಾಗ ಸಂತೆಯಲ್ಲಿ ಯಾರೋ ನಮ್ಮ ಮಾವನವರ ಕಿವಿಯಲ್ಲಿ, ‘ನರಗುಂದದಾಗ ನೀರು ಸವುಳು, ತಿಳಕೊಂಡು ಹೆಣ್ಣು ಕೊಡ್ರಿ’ ಎಂದು ಊದಿಬಿಟ್ಟರು.

ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಹೊಲ ಎಷ್ಟು, ಎತ್ತು ಎಷ್ಟು ಎಂದು ಕೇಳುವ ಮೊದಲು ಹೆಣ್ಣಿನ ತಂದೆ ಊರಿನ ನೀರನ್ನು ಕೇಳುತ್ತಾನೆ. ಉಪ್ಪು ಬೆರೆತ ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸಿಹಿನೀರು ಬೇಕೆಂದರೆ ಸೊಸೆ ಊರಾಚೆ ನಡೆಯಬೇಕು. ಮಾವನವರ ಅಕ್ಕನನ್ನು ಅಂಥದೇ ಊರಿಗೆ ಕೊಟ್ಟಿದ್ದರಂತೆ. ಆಕೆ ತವರಿಗೆ ಬಂದಾಗಲೆಲ್ಲ ಸೆರಗು ಸರಿದರೆ, ಕೊಡ ಹೊತ್ತು ಹೊತ್ತು ನೆತ್ತಿಯಲ್ಲಿ ಕೂದಲೇ ಇಲ್ಲದ ಜಾಗ ಕಾಣುತ್ತಿತ್ತಂತೆ. ‘ನನ್ನ ಮಗಳಿಗೆ ಅದು ಬ್ಯಾಡ’ ಎಂದು ಮುದುಕರು ಹಟ ಹಿಡಿದರು. ಅವರದು ತಪ್ಪೆನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಅತ್ತ ಹುಡುಗನ ಕಡೆಯವರು, ಅಮಾವಾಸ್ಯೆಯೊಳಗೆ ಉತ್ತರ ಬಾರದಿದ್ದರೆ ಬೇರೆ ಕಡೆ ನೋಡುತ್ತೇವೆಂದು ಹೇಳಿ ಕಳಿಸಿದರು.

ಶಾಂತಾ ಆಗ ರೋಣದಲ್ಲಿ ನಮ್ಮ ಮನೆಯಲ್ಲೇ ಇದ್ದಳು. ನನ್ನ ಮುಂದೆ ಚಹಾ ಇಟ್ಟು, ನೆಲ ನೋಡುತ್ತ, ‘ಭಾವಾ, ನೀವು ಹೋಗಿ ನೋಡಿ ಬರ್ರಿ. ನಿಮ್ಮ ಮಾತು ಅಪ್ಪ ನಂಬತಾನ. ಆದರ ಲಗೂ ಬರ್ರಿ. ನನಗ... ಆ ಮನಿ ಚಲೋ ಅನಸೇತಿ’ ಎಂದಳು. ನೀರಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಒಳಗಿನಿಂದ ಪಾರ್ವತಿ, ‘ಲಗೂ ಬರಬೇಕಂದ್ರ ಇವರನ್ನ ಯಾಕ ಕಳಸ್ತಿಯವ್ವಾ? ಬಸವಣ್ಣನ ಗುಡಿ ಕಲ್ಲು ಕಳಿಸಿದ್ರೂ ಇವರಿಗಿಂತ ಮೊದಲ ಬರತೈತಿ’ ಎಂದಳು.

ಹಾಗೆ ನಾನು ಶಾಲೆಗೆ ರಜೆ ಹಾಕಿ, ಒಂದು ಚೀಲದಲ್ಲಿ ತೊಗರಿಬೇಳೆ ಕಟ್ಟಿಕೊಂಡು ನರಗುಂದದ ಬಸ್ಸು ಹತ್ತಿದೆ.

ಮೊದಲು ಮನೆಮನೆ ಕೇಳಿ ನೋಡಿದೆ. ‘ತಾಯಿ, ನಿಮ್ಮಲ್ಲಿ ಬೇಳೆ ಬೇಗ ಬೇಯುತ್ತದೆಯೆ?’ ಇಂಥ ಪ್ರಶ್ನೆ ಕೇಳುತ್ತ ಬಾಗಿಲಿಗೆ ಬಂದ ಪರವೂರ ಗಂಡಸನ್ನು ಕಂಡ ಒಬ್ಬ ಮುದುಕಿ, ಪಾಪ ಹಸಿದಿದ್ದಾನೆಂದು ಕೂಡಿಸಿ ಎರಡು ರೊಟ್ಟಿ ಬಡಿಸಿದಳು. ಒಂದು ಓಣಿಯವರೆಲ್ಲ ತಮ್ಮ ನೀರು ಅಮೃತವೆಂದರು. ಇನ್ನೊಂದು ಓಣಿಯವರು ಅದೇ ಬಾವಿಯ ನೀರನ್ನು ವಿಷವೆಂದರು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ಹೊಳೆಯಿತು. ಮದುವೆಗೆ ಬಂದ ಗಂಡುಮಕ್ಕಳಿದ್ದ ಮನೆಗಳಲ್ಲೆಲ್ಲ ನೀರು ಸಿಹಿ. ಆ ವರಗಳಿಗೆ ತಮ್ಮ ಹೆಣ್ಣುಮಕ್ಕಳನ್ನೇ ಕೊಡಬೇಕೆಂದಿದ್ದ ಮನೆಗಳಲ್ಲಿ, ಹೊರಗಿನಿಂದ ಹೆಣ್ಣು ಬಾರದಿರಲೆಂದು, ಅದೇ ನೀರು ಸವುಳು. ನಾನು ನೀರಿನ ಅಂಕಿಸಂಖ್ಯೆ ಕೂಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಕೂಡಿದ್ದೆಲ್ಲ ಊರಿನ ಲಗ್ನಗಳ ಲೆಕ್ಕ.

ಆದ್ದರಿಂದ ಬೇಳೆಯನ್ನೇ ಕೇಳುವುದೆಂದು ನಿಶ್ಚಯಿಸಿದೆ. ಒಂದು ಗುಡಿಯ ಹಿಂದೆ ಮೂರು ಕಲ್ಲು ಹೂಡಿ, ಒಂದೊಂದೇ ಬಾವಿಯ ನೀರು ತಂದು, ಒಂದೇ ಅಳತೆಯ ಬೇಳೆ ಹಾಕಿ ಕುದಿಸಲು ಕೂತೆ. ನನ್ನ ಹತ್ತಿರ ಗಡಿಯಾರವಿರಲಿಲ್ಲ. ಆದರೆ ಮಾಸ್ತರನಿಗೆ ಗಡಿಯಾರ ಯಾಕೆ? ಎರಡರ ಮಗ್ಗಿಯಿಂದ ಶುರುಮಾಡಿ ಒಂದೇ ಲಯದಲ್ಲಿ ಹೇಳುತ್ತ ಹೋದರಾಯಿತು. ಯಾವ ಮಗ್ಗಿಗೆ ಬೇಳೆ ಮೆತ್ತಗಾಗುತ್ತದೋ ಅದೇ ಆ ಬಾವಿಯ ಅಂಕಿ. ಈ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತಟ್ಟಿಕೊಂಡ ಬೆನ್ನಿಗೆ ಬೇರೆಯವರ ಪೆಟ್ಟೂ ಬೀಳುವುದಿತ್ತು. ಹದಿನೈದರ ಮಗ್ಗಿ ದಾಟುವಷ್ಟರಲ್ಲಿ ಸುತ್ತಲೂ ಜನ ನೆರೆದರು. ಗುಡಿಯ ಹಿಂದೆ ಬೆಂಕಿ, ಕುದಿಯುವ ಗಡಿಗೆ, ಕಣ್ಣುಮುಚ್ಚಿ ಗುಣುಗುಣಿಸುವ ಅಪರಿಚಿತ. ಇನ್ನೇನು ಬೇಕು? ‘ಬಾವಿ ನೀರಿಗೆ ಮಾಟಾ ಮಾಡಾಕತ್ತಾನಪೋ!’ ಎಂದು ಒಬ್ಬ ಕೂಗಿದ. ‘ಮನಿ ಮನಿ ತಿರಗಿ ಒಲಿ ನೋಡಿ ಹೋದಾವ ಇವನ!’ ಎಂದು ಒಬ್ಬಾಕೆ ಸಾಕ್ಷಿ ಹೇಳಿದಳು. ಒಬ್ಬನ ಕೈ ನನ್ನ ಅಂಗಿಯ ಕೊರಳಪಟ್ಟಿಗೆ ಬಂತು. ಹೆದರಿಕೆಯಿಂದ ಬಾಯಿ ಬಂದಾಗುವ ಬದಲು ನನ್ನ ಮಗ್ಗಿ ಇನ್ನಷ್ಟು ಜೋರಾಯಿತು.

ಆಗ ಹಿಂದಿನಿಂದ ಒಂದು ದನಿ: ‘ಏ ಬಿಡ್ರಪಾ, ಮಾಟಾ ಅಲ್ಲದು, ಮಗ್ಗಿ. ಅದೂ ತಪ್ಪ ಹೇಳಾಕತ್ತಾರ. ಹತ್ತೊಂಬತ್ತೇಳ್ಲೆ ನೂರಾ ಮೂವತ್ಮೂರ್ರಿ ಮಾಸ್ತರ, ನೂರಾ ಇಪ್ಪತ್ಮೂರಲ್ಲ!’

ಜನ ಘೊಳ್ಳೆಂದು ನಕ್ಕರು. ಮಂತ್ರ ತಪ್ಪುವ ಮಾಟಗಾರನಿಗೆ ಯಾರೂ ಹೆದರುವುದಿಲ್ಲ. ಕೊರಳಪಟ್ಟಿ ಬಿಟ್ಟು ಕೈ ಹಿಂದೆ ಸರಿಯಿತು. ತಿರುಗಿ ನೋಡಿದರೆ, ಹೆಗಲ ಮೇಲೆ ತಾಮ್ರದ ಕೊಡ ಹೊತ್ತ ಒಬ್ಬ ತರುಣ. ನಾನು ಸಂಗತಿ ಹೇಳಿದೆ. ಯಾರ ಕಡೆಯವನೆಂದು ಮಾತ್ರ ಹೇಳಲಿಲ್ಲ.

‘ಇದಕ್ಕ ಇಷ್ಟ್ಯಾಕ ಹೊಗಿ ಕುಡದ್ರಿ?’ ಎಂದ ಅವನು. ‘ನಮ್ಮ ಓಣಿ ಬಾವಿ ಎಲ್ಲಾ ಸವುಳು. ಮೂವತ್ತರ ಮಗ್ಗಿ ಹೇಳಿದ್ರೂ ಬ್ಯಾಳಿ ಕಲ್ಲಾಗೇ ಇರತೈತಿ. ಸೀನೀರು ಬೇಕಂದ್ರ ಗುಡ್ಡದ ಬುಡಕ ಹೋಗಬೇಕು. ನಾ ಅಲ್ಲಿಂದನ ತರಾಕತ್ತೀನಿ.’

‘ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೆ?’ ಎಂದೆ.

‘ಅದಾರ್ರಿ. ಅವ್ವ ಅದಾಳ, ವೈನಿ ಅದಾಳ. ಅವರು ರೊಟ್ಟಿ ಬಡೀತಾರ, ನಾ ನೀರು ತರತೀನಿ. ಅವ್ವನ ಸೊಂಟ ಹಿಡದಾಗಿಂದ ಹಿಂಗ ನಡದೈತಿ.’

‘ಜನ ನಗುವುದಿಲ್ಲವೇನು?’

‘ನಗತಾರ್ರಿ. ನಕ್ರ ನಗವಲ್ರ್ಯಾಕ. ಊಟಕ್ಕ ಕುಂತಾಗ ಅವರ ಮನ್ಯಾಗ ಬ್ಯಾಳಿ ಬೆಂದಿರಂಗಿಲ್ಲ, ನಮ್ಮನ್ಯಾಗ ಬೆಂದಿರತೈತಿ.’

ಅವನು ಹೋದ ಮೇಲೆ ಪಕ್ಕದವರನ್ನು ಕೇಳಿದೆ. ಅರಳೆ ವ್ಯಾಪಾರದವರ ಮನೆಯ ಈರಣ್ಣನಂತೆ.

ಬೇರೆ ಯಾರೇ ಆಗಿದ್ದರೂ ಆ ಸಂಜೆಯೇ ಬಸ್ಸು ಹತ್ತುತ್ತಿದ್ದರು. ನಾನು ಹತ್ತಲಿಲ್ಲ. ಒಂದು ಸಲ ಕಂಡದ್ದು ಸುದ್ದಿಯಾದೀತು, ಸತ್ಯವಾಗುವುದಿಲ್ಲ. ನನ್ನ ಸುಳಿವು ಹತ್ತಿಯೇ ಕೊಡ ಹೊತ್ತಿರಬಹುದಲ್ಲ? ದಿನಾ ಬೆಳಗ್ಗೆ ಗುಡಿಯ ಕಟ್ಟೆಯ ಹಿಂದೆ ಅಡಗಿ ಕೂತೆ. ದಿನಾ ಬೆಳಗ್ಗೆ ಈರಣ್ಣ ಕೊಡ ಹೊತ್ತು ಹೋಗಿ ಬಂದ. ಒಂದು ದಿನ ಮೈಯಲ್ಲಿ ಜ್ವರವಿದ್ದಂತೆ ಕಂಬಳಿ ಹೊದ್ದುಕೊಂಡೇ ಬಂದ. ಅದನ್ನು ಕಂಡ ಮೇಲೆ ನನಗೆ ಖಾತ್ರಿಯಾಯಿತು. ಆದರೆ ಅಷ್ಟರಲ್ಲಿ ಅಮಾವಾಸ್ಯೆ ಬಂದೇಬಿಟ್ಟಿತ್ತು.

ಸಂಜೆಗೆ ನಾನು ರೋಣ ಮುಟ್ಟಿದಾಗ, ಗಜೇಂದ್ರಗಡದಿಂದ ಬಂದಿದ್ದ ಮಾವನವರು ರುಮಾಲು ಸುತ್ತಿಕೊಂಡು ನಮ್ಮ ಪಡಸಾಲೆಯಲ್ಲಿ ನಿಂತಿದ್ದರು. ಒಲ್ಲೆವೆಂದು ಹೇಳಿ ಕಳಿಸಲು ಆಳೂ ಸಿದ್ಧವಾಗಿದ್ದ. ಶಾಂತಾ ಕಂಬಕ್ಕೆ ಒರಗಿದ್ದಳು, ಅತ್ತು ಕಣ್ಣು ಕೆಂಪಾಗಿದ್ದವು. ನಾನು ಕೂತು ಬೆವರೊರೆಸಿಕೊಂಡು, ‘ಎರೆಭೂಮಿಯ ಗುಣ ಏನೆಂದರೆ’ ಎಂದು ಬುಡದಿಂದ ಆರಂಭಿಸಿದೆ.

‘ಎರಿ ಹಾಳಾಗಿ ಹೋಗಲಿ! ನೀರು ಸೀನೋ ಸವುಳೋ, ಅಷ್ಟ ಹೇಳ್ರಿ!’ ಎಂದು ಮಾವನವರು ಗುಡುಗಿದರು.

‘ಸವುಳು’ ಎಂದೆ.

ಶಾಂತಾ ಮುಖ ಮುಚ್ಚಿಕೊಂಡಳು. ‘ಮುಗೀತು’ ಎಂದು ಮುದುಕರು ಆಳಿನ ಕಡೆ ತಿರುಗಿದರು.

‘ಆದರೆ ಆ ಮನೆಯ ಸಿಹಿನೀರನ್ನು ಈರಣ್ಣನೇ ತರುತ್ತಾನೆ, ಹೆಗಲ ಮೇಲೆ’ ಎಂದೆ.

ಮಾವನವರು ನಿಂತಲ್ಲೇ ನಿಂತರು. ‘ಗಂಡಸು? ನೀರು ತರತಾನ? ಯಾವಾಗರೆ ಒಂದಿನ ತಂದಿರಬೇಕು.’

‘ದಿನಾ. ಜ್ವರ ಬಂದ ದಿನವೂ. ನಾನು ಒಂದು ದಿನ ನೋಡಿ ಬರಲಿಲ್ಲ. ಬರಲು ಇಷ್ಟು ತಡವಾದದ್ದೇ ಅದಕ್ಕೆ.’

ಮುದುಕರು ನಿಧಾನವಾಗಿ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ನಮ್ಮಕ್ಕಗ ಅಂಥಾ ಗಂಡ ಸಿಗಲಿಲ್ಲ’ ಎಂದರು. ಆಮೇಲೆ ಆಳಿಗೆ, ‘ಹೂಂ ಅಂತ ಹೇಳಿ ಬಾ. ಕಡೇ ಬಸ್ಸು ಐತಿ, ಓಡು!’ ಎಂದರು. ಶಾಂತಾ ಒಳಗೆ ಓಡಿದವಳು ಬಾಗಿಲಿಗೆ ಎಡವಿದಳು. ನನ್ನ ಎದೆ ಎರಡು ಗೇಣು ಉಬ್ಬಿತು. ಸುದ್ದಿ ಎಂದರೆ ಹೀಗಿರಬೇಕು, ಕಂಡೆಯಾ, ಎಂದು ಹೆಂಡತಿಯ ಕಡೆ ನೋಡಿದೆ.

ಪಾರ್ವತಿ ಹೊಗಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಹಳ ಶಾಂತವಾಗಿ ಕೇಳಿದಳು: ‘ನರಗುಂದದ ನೀರು ಎಲ್ಲಿಂದ ಬರತೈತಿ, ಯಾರು ತರತಾರ, ಎಲ್ಲಾ ನೋಡಿ ಬಂದ್ರಿ, ಭಾಳ ಚಲೋ ಆತು. ನಮ್ಮ ಮನಿ ಸೀನೀರು ಎಷ್ಟು ದೂರಿಂದ ಬರತೈತಿ, ಹೇಳ್ರಿ ನೋಡೋಣು?’

ರೋಣದಲ್ಲಿ ಸಂಸಾರ ಹೂಡಿ ಎಷ್ಟೋ ವರ್ಷಗಳಾಗಿದ್ದವು. ತಾಲ್ಲೂಕಿನ ಜೋಳ, ಕಡಲೆ, ಅರಳೆ ಎಲ್ಲದರ ಅಂಕಿಸಂಖ್ಯೆ ನಾಲಗೆಯ ತುದಿಯಲ್ಲಿದ್ದವು. ಇದೊಂದು ಮಾತ್ರ ಇರಲಿಲ್ಲ. ಮಾವನವರು ರುಮಾಲಿನ ಅಂಚು ನೋಡುತ್ತ ಕೂತರು. ನನ್ನ ಸಹಾಯಕ್ಕೆ ಬರುವ ಲಕ್ಷಣ ಕಾಣಲಿಲ್ಲ.

ಪಾರ್ವತಿ ಒಳಗಿನಿಂದ ಖಾಲಿ ಕೊಡ ತಂದು ನನ್ನ ಹೆಗಲ ಮೇಲಿಟ್ಟಳು.

‘ಹೋಗಿ ನೋಡಿ ಬರ್ರಿ. ಒಂದಿನ ನೋಡಿದ್ರ ಖರೇ ಆಗಂಗಿಲ್ಲ ಅಂತೀರಲ್ಲ, ದಿನಾ ನೋಡ್ರಿ. ಬರೂ ಮುಂದ ಅವಸರ ಬ್ಯಾಡ. ಸಾವಕಾಶ ನಡೀರಿ, ನೀರು ಚೆಲ್ಲತಾವ.’